ಸಂಚಕಾರದ ಹಣ

ಕನ್ನಡದಲ್ಲಿ ‘ಸಂಚಕಾರ’ ಎಂಬ ಪದಕ್ಕೆ ಎರಡು ಅರ್ಥಗಳಿವೆ. ಮನೆ, ಹೊಲ, ಎತ್ತು ಮೊದಲಾದವುಗಳ ವ್ಯಾಪಾರ ಕುದುರಿದಾಗ, ಮಾತು ಗಟ್ಟಿಯಾಯಿತೆಂಬುದರ ಗುರುತಾಗಿ ಕೊಳ್ಳುವವನು ಮಾರುವವನ ಕೈಯಲ್ಲಿಡುವ ಮುಂಗಡ ಹಣಕ್ಕೆ ಸಂಚಕಾರವೆನ್ನುತ್ತಾರೆ. ‘ಪ್ರಾಣಕ್ಕೆ ಸಂಚಕಾರ ಬಂತು’ ಎನ್ನುವಾಗ ಅದೇ ಪದಕ್ಕೆ ಕುತ್ತು ಎಂಬ ಅರ್ಥ. ಈ ಎರಡು ಅರ್ಥಗಳು ಒಂದೇ ಪದದಲ್ಲಿ ಏಕೆ ಕೂಡಿ ಬಾಳುತ್ತವೆಂಬುದು ನನಗೆ ಮನವರಿಕೆಯಾದುದು ನಿಘಂಟಿನಿಂದಲ್ಲ. 1979ರಲ್ಲಿ, ನಾನು ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದಾಗ, ನಮ್ಮ ಮನೆಯಲ್ಲಿ ನಡೆದ ಒಂದು ಪ್ರಸಂಗದಿಂದ.

ನಮ್ಮ ಊರು ಖಾನಾಪುರ. ಬೆಳಗಾವಿಯಿಂದ ಸುಮಾರು 26 ಕಿಲೋಮೀಟರು ದೂರದಲ್ಲಿ, ಮಲಪ್ರಭಾ ನದಿಯ ದಂಡೆಯ ಮೇಲೆ ಇದೆ. ಆ ನದಿ ಹುಟ್ಟುವ ಕಣಕುಂಬಿಯೂ ನಮ್ಮ ತಾಲ್ಲೂಕಿನದೇ. ಪಶ್ಚಿಮಕ್ಕೆ ಸಹ್ಯಾದ್ರಿಯ ದಟ್ಟವಾದ ಕಾಡು; ಮಳೆಗಾಲದಲ್ಲಿ ವಾರಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ. ಇಲ್ಲಿಯ ಮಣ್ಣು ಹೆಂಚಿಗೂ ಮಡಕೆಗೂ ಹೆಸರಾದುದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಈ ಸಣ್ಣ ಊರಿಗೆ ಬಂದುದೂ ಆ ಮಣ್ಣಿನ ಗುಣದಿಂದಲೇ. ನಮ್ಮ ಅಜ್ಜ ಹೆಂಚಿನ ವ್ಯಾಪಾರದಲ್ಲಿ ದುಡಿದು ಇಲ್ಲಿ ಒಂದು ದೊಡ್ಡ ಮನೆಯನ್ನು ಕಟ್ಟಿಸಿದ್ದರು. ಅವರು ತೀರಿಕೊಂಡ ಮೇಲೆ ಆ ಮನೆಯನ್ನು ನೋಡಿಕೊಳ್ಳುವುದೇ ಒಂದು ಭಾರವಾಯಿತು. ಪ್ರತಿವರ್ಷ ಮಳೆಗೆ ಮುಂಚೆ ಹೆಂಚು ಕೈಯಾಡಿಸಬೇಕು. ಆದರೂ ಆಷಾಢದಲ್ಲಿ ನಾಲ್ಕು ಕಡೆ ಪಾತ್ರೆಗಳನ್ನಿಟ್ಟು ಸೋರುವ ನೀರನ್ನು ಹಿಡಿಯಬೇಕು. ನಮ್ಮ ತಂದೆಯವರು ಪ್ರಾಥಮಿಕ ಶಾಲೆಯ ಮಾಸ್ತರರು. ಅವರಿಗೆ ಬೆಳಗಾವಿಗೆ ವರ್ಗವಾಗಿತ್ತು. ಕಾಕಾ ನಂದಗಡದ ಕಡೆ ಹೊಲ ಮಾಡಿಕೊಂಡು ಅಲ್ಲಿಯೇ ನೆಲೆಸಿದ್ದರು. ಹೀಗಾಗಿ, ಮನೆಯನ್ನು ಮಾರಿ ಪಾಲು ಹಂಚಿಕೊಳ್ಳುವುದೆಂದು ಹಿರಿಯರು ನಿಶ್ಚಯಿಸಿದರು.

ಯುಗಾದಿಯಾದ ಮರುವಾರ ಗಿರಾಕಿಯೊಬ್ಬರು ಒಪ್ಪಿದರು. ಅವರು ನೆರೆಯ ಹಳ್ಳಿಯ ಭತ್ತದ ವ್ಯಾಪಾರಿ. ಬೆಲೆ 24,000 ರೂಪಾಯಿ. ಸಂಚಕಾರ 3,000 ರೂಪಾಯಿ. ದೀಪಾವಳಿಯ ಒಳಗಾಗಿ ಉಳಿದ ಹಣ ಕೊಟ್ಟು ಖರೀದಿಪತ್ರ ಮಾಡಿಸಿಕೊಳ್ಳಬೇಕು. ಕೊಳ್ಳುವವರು ತಪ್ಪಿದರೆ ಸಂಚಕಾರ ಮುಳುಗಿತು ಎಂದು ಸ್ಟಾಂಪು ಕಾಗದದ ಮೇಲೆ ಬರೆದುದಾಯಿತು. ಬರೆದುದನ್ನು ಓದಿದಾಗ ಎಲ್ಲರ ಮುಖದಲ್ಲಿಯೂ ಗೆಲವು. ಸಕ್ಕರೆ ಹಂಚಿದರು. ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಹೊಸ ಕಾಲಗಣನೆ ಆರಂಭವಾಯಿತು. ಎಲ್ಲ ಮಾತುಗಳೂ ‘ಮನೆಯ ಹಣ ಬಂದ ಮೇಲೆ’ ಎಂಬುದರಿಂದಲೇ ಮೊದಲಾಗತೊಡಗಿದವು.

ಕೈಯಲ್ಲಿರುವ ಹಣವನ್ನು ಖರ್ಚು ಮಾಡುವುದಕ್ಕಿಂತ ಬರಲಿರುವ ಹಣವನ್ನು ಖರ್ಚು ಮಾಡುವುದು ಬಹಳ ಸುಲಭ. ಕೈಯಲ್ಲಿರುವ ಹಣ ಎಣಿಸಿದಷ್ಟೇ ಇರುತ್ತದೆ; ಬರಲಿರುವ ಹಣವಾದರೋ ನೆನೆದಷ್ಟೂ ಬೆಳೆಯುತ್ತದೆ. ನಮ್ಮ ತಾಯಿ ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಒಂದು ಯಾದಿಯನ್ನು ಬರೆದಿಟ್ಟರು: ಹೊಲಿಗೆಯ ಯಂತ್ರ, ಗೋಡೆಯ ಗಡಿಯಾರ, ಒಂದು ರೇಡಿಯೋ, ಅಕ್ಕನಿಗೆ ಶಹಾಪುರದ ಸೀರೆ. ಎಲ್ಲಕ್ಕೂ ಕೆಳಗೆ ನಾನು ನನ್ನ ಕೈಯಿಂದಲೇ ‘ಸೈಕಲ್’ ಎಂದು ಬರೆದು ಅಡಿಗೆರೆ ಎಳೆದೆ. ತಂದೆಯವರು ಯಾದಿಯನ್ನು ಓದಿದರು, ನಕ್ಕರು, ಹರಿಯಲಿಲ್ಲ. ಮಡಿಸಿ ಪಂಚಾಂಗದೊಳಗೆ ಇಟ್ಟು, “ಕಾಗದ ಆಗಲಿ, ಆಮ್ಯಾಲೆ ನೋಡೋಣ” ಎಂದರು. ಕಾಗದವೆಂದರೆ ನೋಂದಣಿಯಾದ ಖರೀದಿಪತ್ರ. ಆ ಆರು ತಿಂಗಳಲ್ಲಿ ಈ ಮಾತನ್ನು ನಾನು ನೂರು ಸಲವಾದರೂ ಕೇಳಿರಬೇಕು.

ಒಂದು ದಿನ ನಾನು ಸಿಟ್ಟಿನಿಂದ, “ಕರಾರುಪತ್ರ ಬರೆದಾಯಿತಲ್ಲ, ಇನ್ನೇನು ಉಳಿದಿದೆ?” ಎಂದು ಕೇಳಿದೆ. ತಂದೆಯವರು ಮಾಸ್ತರರ ಧಾಟಿಯಲ್ಲಿಯೇ ವಿವರಿಸಿದರು. ನಮ್ಮ ದೇಶದಲ್ಲಿ ಸ್ವತ್ತು ವರ್ಗಾವಣೆಗೆ 1882ರ ಕಾಯ್ದೆಯೊಂದಿದೆ. ಅದರ 54ನೆಯ ಕಲಮಿನ ಪ್ರಕಾರ, ಮಾರುತ್ತೇನೆಂಬ ಕರಾರು ಮಾತ್ರದಿಂದಲೇ ಆ ಸ್ವತ್ತಿನಲ್ಲಿ ಕೊಳ್ಳುವವನಿಗೆ ಯಾವ ಹಕ್ಕೂ ಹುಟ್ಟುವುದಿಲ್ಲ. 1908ರ ನೋಂದಣಿ ಕಾಯ್ದೆಯ ಪ್ರಕಾರ, ನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಮನೆ, ಹೊಲಗಳ ಖರೀದಿಪತ್ರವು ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಣಿಯಾಗಲೇಬೇಕು. “ಈಗ ಮನೆಯೂ ಅವರದಲ್ಲ, ಹಣವೂ ನಮ್ಮದಲ್ಲ. ಎರಡೂ ನಡುದಾರಿಯಲ್ಲಿವೆ. ನಡುದಾರಿಯಲ್ಲಿರುವುದನ್ನು ಮನೆಗೆ ಬಂದಿತೆಂದು ತಿಳಿಯಬಾರದು” ಎಂದರು. ಆ 3,000 ರೂಪಾಯಿಯಲ್ಲಿ ತಮ್ಮ ಪಾಲಿನ 1,000 ಮತ್ತು ತಂಗಿಯ ಪಾಲಿನ 1,000 ರೂಪಾಯಿಗಳನ್ನು ಅವರು ಅಂಚೆ ಕಚೇರಿಯ ಉಳಿತಾಯ ಖಾತೆಗೆ ಕಟ್ಟಿ, ಪಾಸುಪುಸ್ತಕವನ್ನು ಟ್ರಂಕಿನ ತಳದಲ್ಲಿ ಇಟ್ಟರು. ಉಳಿದ 1,000 ರೂಪಾಯಿಯನ್ನು ಕಾಕಾ ಒಯ್ದರು.

ತಂಗಿಯ ಪಾಲು ಎಂದೆನಲ್ಲ, ಅದನ್ನೂ ಹೇಳಬೇಕು. ನಮ್ಮ ಸೋದರತ್ತೆಯನ್ನು ಗೋವೆಯ ಮಡಗಾವಿಗೆ ಕೊಟ್ಟಿದ್ದರು. ಅಜ್ಜ ಉಯಿಲು ಬರೆಯದೆ ತೀರಿಕೊಂಡಿದ್ದರು; ಮನೆ ಅವರ ಸ್ವಂತ ದುಡಿಮೆಯದು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅಂಥ ಆಸ್ತಿಯಲ್ಲಿ ಮಗಳಿಗೂ ಮಕ್ಕಳೊಡನೆ ಸಮಭಾಗವುಂಟು. “ಮದುವೆಯಾಗಿ ಹೋದವಳ ಸಹಿ ಏಕೆ?” ಎಂದು ಕೆಲವರು ಗೊಣಗಿದರು. “ಸಹಿಯೂ ಬೇಕು, ಭಾಗವೂ ಹೋಗಬೇಕು” ಎಂದು ತಂದೆಯವರು ಹೇಳಿಬಿಟ್ಟರು. ಕಚೇರಿಯ ದಾಖಲೆಗಳಲ್ಲಿ ಮನೆಯಿನ್ನೂ ಅಜ್ಜನ ಹೆಸರಿನಲ್ಲಿಯೇ ಇತ್ತು. ವಾರಸಾ ಮಾಡಿಸಿ ಮೂವರ ಹೆಸರನ್ನು ಹಚ್ಚಿಸಬೇಕಾಗಿತ್ತು. ಅಷ್ಟರಲ್ಲಿ ಮಳೆಗಾಲ ಹಿಡಿಯಿತು. ಅತ್ತೆ ಘಟ್ಟ ಹತ್ತಿ ಬಂದು ಸಹಿ ಮಾಡಿದ್ದು ಗಣೇಶ ಚತುರ್ಥಿಯ ಮೇಲೆ. ಅಲ್ಲಿಗೆ ನಮ್ಮ ಕಡೆಯ ಕಾಗದಗಳೆಲ್ಲ ಸಿದ್ಧವಾದವು. ವ್ಯಾಪಾರಿಯ ಹಣ ಮಾತ್ರ ಬರಬೇಕಾಗಿತ್ತು.

ಈ ನಡುವೆ ಬೆಳಗಾವಿಯಲ್ಲಿ ತಂದೆಯವರು ನೋಡಿಟ್ಟಿದ್ದ ಒಂದು ನಿವೇಶನ ಕೈತಪ್ಪಿತು. ಅದರ ಮಾಲೀಕರು ಸಂಚಕಾರ ಕೊಟ್ಟರೆ ಕಾಯುತ್ತೇವೆಂದಿದ್ದರು. ಅಂಚೆಯಲ್ಲಿ ಹಣವಿದ್ದರೂ ತಂದೆಯವರು ಕೊಡಲಿಲ್ಲ. ಅದು ಬೇರೆಯವರ ಪಾಲಾದಾಗ ತಾಯಿ ಎರಡು ದಿನ ಸರಿಯಾಗಿ ಮಾತನಾಡಲಿಲ್ಲ. ಕಾಯುವುದಕ್ಕೂ ಒಂದು ಬೆಲೆಯಿದೆ ಎಂಬುದನ್ನು ನಾನು ಮರೆಮಾಚಲಾರೆ.

ಕಾಕಾ ಕಾಯಲಿಲ್ಲ. ಅವರ ಹೊಲದ ಪಕ್ಕದಲ್ಲಿ ಹಳ್ಳವಿತ್ತು, ನೀರೆತ್ತಲು ಸಾಧನವಿರಲಿಲ್ಲ. ಬೇಸಗೆಯಲ್ಲಿ ಕಬ್ಬು ಒಣಗುತ್ತಿತ್ತು. ಅವರು ತಮ್ಮ ಪಾಲಿನ 1,000 ರೂಪಾಯಿಯನ್ನು ಕೊಟ್ಟು ಒಂದು ಡೀಸೆಲ್ ಎಂಜಿನ್ ತಂದರು. ಉಳಿದ 3,000 ರೂಪಾಯಿಯನ್ನು ದೀಪಾವಳಿಗೆ ಕೊಡುವೆನೆಂದು ಕೈಬರಹ ಬರೆದುಕೊಟ್ಟರು. ಕಾಕಾ ದುಂದುಗಾರರಲ್ಲ, ಎಂಜಿನ್ ಕೂಡ ಬೇಡದ ವಸ್ತುವಲ್ಲ. ವಸ್ತು ಸರಿಯಾದುದೇ ಆಗಿತ್ತು, ಗಳಿಗೆ ಮಾತ್ರ ತಪ್ಪಾಗಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರೆಂದು ಜನ ನಗುತ್ತಾರೆ. ಆದರೆ ಕುಲಾವಿ ಹೊಲಿಸುವವರು ಕೂಸಿನ ಮೇಲಿನ ಪ್ರೀತಿಯಿಂದಲೇ ಹೊಲಿಸುತ್ತಾರೆ ಎಂಬುದನ್ನು ಮರೆಯುತ್ತಾರೆ.

ಕಾಕಾ ಒಬ್ಬರೇ ಅಲ್ಲ. ನಾನೂ ಗುಟ್ಟಾಗಿ ಒಂದು ಕುಲಾವಿ ಹೊಲಿಸಿದ್ದೆ. ಪೇಟೆಯ ಸೈಕಲ್ ಅಂಗಡಿಯಲ್ಲಿ ಬಳಸಿದ್ದೊಂದು ಹಸಿರು ಬಣ್ಣದ ಸೈಕಲ್ ಇತ್ತು. ಬೆಲೆ 150 ರೂಪಾಯಿ. ಹಬ್ಬಹುಣ್ಣಿಮೆಗಳಲ್ಲಿ ಕೂಡಿಸಿಟ್ಟ 10 ರೂಪಾಯಿಯನ್ನು ಯಜಮಾನರ ಕೈಗೆ ಕೊಟ್ಟು, “ನಮ್ಮ ಮನೆಯ ಹಣ ಬರುತ್ತದೆ, ಇದನ್ನು ಯಾರಿಗೂ ಕೊಡಬೇಡಿರಿ” ಎಂದೆ. ಅವರು ನೋಟನ್ನು ಗಲ್ಲೆಯೊಳಗೆ ಹಾಕಿಕೊಂಡು ತಲೆಯಾಡಿಸಿದರು. ಅಂದಿನಿಂದ ಶಾಲೆಗೆ ಹೋಗುವಾಗಲೂ ಬರುವಾಗಲೂ ಆ ಸೈಕಲ್ಲನ್ನು ನೋಡದೆ ನಾನು ಮುಂದೆ ಹೋಗುತ್ತಿರಲಿಲ್ಲ. ಅದು ಅಂಗಡಿಯಲ್ಲಿದ್ದರೂ ನನ್ನದು, ನನ್ನದಾದರೂ ಅಂಗಡಿಯಲ್ಲಿತ್ತು.

ನವರಾತ್ರಿ ಕಳೆದ ಮೇಲೆ ತಾಯಿ ದೀಪಾವಳಿಯ ಹಣತೆಗಳನ್ನು ತರಲು ನನ್ನನ್ನೂ ತಂದೆಯವರನ್ನೂ ಕುಂಬಾರರ ಓಣಿಗೆ ಕಳುಹಿಸಿದರು. ಅಲ್ಲಿ ಒಬ್ಬ ಮುದುಕರು ಆವಿಗೆಯ ಮುಂದೆ ಕುಳಿತಿದ್ದರು. ಬೆಂಕಿ ಆರಿ ಒಂದು ದಿನವಾಗಿತ್ತು. ಬಿಸಿ ಇನ್ನೂ ಇಳಿದಿರಲಿಲ್ಲ. “ಒಳಗೆ ಎಷ್ಟು ಹಣತೆಗಳಿವೆ?” ಎಂದು ನಾನು ಕೇಳಿದೆ. “ಇಟ್ಟದ್ದು ಕೇಳಿದರ ಹೇಳತೀನಿ. ಇದ್ದದ್ದು ಆವಿಗೆ ತೆಗೆದ ಮ್ಯಾಲೇ ಗೊತ್ತಾಗೂದು” ಎಂದರು. ಹಸಿ ಮಣ್ಣಿನಲ್ಲಿ ಒಂದು ಹರಳು ಉಳಿದಿದ್ದರೂ, ಒಳಗೆ ತೇವ ನಿಂತಿದ್ದರೂ ಬೆಂಕಿಯಲ್ಲಿ ಪಾತ್ರೆ ಒಡೆಯುತ್ತದೆ. ಅವಸರಪಟ್ಟು ಬಿಸಿಯಿರುವಾಗಲೇ ತೆರೆದರೆ ತಣ್ಣನೆಯ ಗಾಳಿ ತಗುಲಿ, ಗಟ್ಟಿಯಾದುದೂ ಬಿರುಕುಬಿಡುತ್ತದೆ. ಐವತ್ತು ವರ್ಷ ಆವಿಗೆ ಸುಟ್ಟ ಆ ಹಿರಿಯರು ತೆರೆಯದ ಆವಿಗೆಯಿಂದ ಒಂದು ಹಣತೆಯನ್ನೂ ಮಾರಲೊಪ್ಪಲಿಲ್ಲ. “ನಾಳೆ ಬರ್ರಿ ಮಾಸ್ತರ” ಎಂದರು. ತಂದೆಯವರು ನನ್ನತ್ತ ನೋಡಿದರು, ಏನೂ ಹೇಳಲಿಲ್ಲ. ಹೇಳಬೇಕಾದ ಅಗತ್ಯವೂ ಇರಲಿಲ್ಲ.

ದೀಪಾವಳಿಗೆ ನಾಲ್ಕು ದಿನಗಳಿರುವಾಗ ಭತ್ತದ ವ್ಯಾಪಾರಿ ನಮ್ಮ ಮನೆಗೆ ಬಂದರು. ಒಳಗೆ ಕರೆದರೂ ಬಾರದೆ ಕಟ್ಟೆಯ ಮೇಲೆಯೇ ಕುಳಿತರು. ಗಡ್ಡ ಬೆಳೆದಿತ್ತು; ಕಣ್ಣುಗಳು ನಿದ್ದೆಗೆಟ್ಟಿದ್ದವು. ಅವರ ಮಗನಿಗೆ, ನನ್ನ ವಯಸ್ಸಿನವನಿಗೆ, ಹೊಟ್ಟೆಯಲ್ಲಿ ದೊಡ್ಡ ಬೇನೆಯಾಗಿ ಬೆಳಗಾವಿಯ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಗಿತ್ತು, ಇನ್ನೊಂದು ಆಗಬೇಕಾಗಿತ್ತು. ಮನೆಗಾಗಿ ಕೂಡಿಸಿದ್ದ ಹಣವೆಲ್ಲ ಅಲ್ಲಿಗೆ ಹೋಗಿತ್ತು. “ಮಾಸ್ತರ, ನನ್ನ ಕಡೆಯಿಂದ ಮಾತು ತಪ್ಪಿತು. ಸಂಚಕಾರ ನಿಮ್ಮದು. ಅದನ್ನ ಕೇಳಾಕ ಬಂದಿಲ್ಲ, ದಾರಿ ನೋಡಬ್ಯಾಡ್ರಿ ಅಂತ ಹೇಳಾಕ ಬಂದೀನಿ” ಎಂದು ಹೇಳಿ ಎದ್ದು ನಿಂತರು.

ಕರಾರಿನ ಪ್ರಕಾರ ಆ ಹಣ ನಮ್ಮದೇ. ಯಾವ ನ್ಯಾಯಾಲಯವೂ ನಮ್ಮನ್ನು ಏಕೆಂದು ಕೇಳುತ್ತಿರಲಿಲ್ಲ. ತಂದೆಯವರು ತುಸು ಹೊತ್ತು ಸುಮ್ಮನಿದ್ದು, “ನಿಲ್ಲಿರಿ” ಎಂದು ಒಳಗೆ ಹೋದರು. ಟ್ರಂಕಿನ ತಳದಿಂದ ಪಾಸುಪುಸ್ತಕವನ್ನು ತೆಗೆದರು. ಅತ್ತೆಗೆ ಕಾಗದ ಬರೆದು ಕೇಳಲು ಸಮಯವಿರಲಿಲ್ಲ. “ಅವಳು ನನ್ನ ತಂಗಿ, ಬೇಡವೆನ್ನಲಾರಳು” ಎಂದು ತಾಯಿಗೆ ಹೇಳಿದರು. ಆಮೇಲೆ ಅತ್ತೆ ಬರೆದ ಉತ್ತರದಲ್ಲಿ ‘ಹುಡುಗ ಹೇಗಿದ್ದಾನೆ?’ ಎಂಬ ಪ್ರಶ್ನೆಯ ಹೊರತು ಹಣದ ಮಾತೇ ಇರಲಿಲ್ಲ. ಮಾರನೆಯ ದಿನವೇ 2,000 ರೂಪಾಯಿ ವ್ಯಾಪಾರಿಯ ಕೈಸೇರಿತು.

ಉಳಿದ 1,000 ರೂಪಾಯಿ ಎಂಜಿನ್ನಿನ ರೂಪದಲ್ಲಿ ಕಾಕಾನ ಹೊಲದಲ್ಲಿತ್ತು. ಕಾಕಾ ಕಲ್ಲೆದೆಯವರಲ್ಲ. ಸುದ್ದಿ ಕೇಳಿ ಅವರೂ ಕಣ್ಣಲ್ಲಿ ನೀರು ತಂದರು. ಆದರೆ ಕಣ್ಣೀರಿನಿಂದ ಆಸ್ಪತ್ರೆಯ ಲೆಕ್ಕ ತೀರುವುದಿಲ್ಲ. ಕೊಡುವ ಮನಸ್ಸಿತ್ತು, ಕೊಡಲು ಹಣವಿರಲಿಲ್ಲ. ಮೇಲಾಗಿ 3,000 ರೂಪಾಯಿಯ ಕೈಬರಹ ತಲೆಯ ಮೇಲೆ ತೂಗುತ್ತಿತ್ತು. ಎಂಜಿನ್ ಕೊಟ್ಟವರು ಅದನ್ನು ಮರಳಿ ಪಡೆದು ಕೈಬರಹವನ್ನು ಹರಿದುಹಾಕಲು ಒಪ್ಪಿದರು; ಒಂದು ಬೇಸಗೆ ಬಳಸಿದ್ದಕ್ಕೆ 600 ರೂಪಾಯಿ ಹಿಡಿದುಕೊಂಡು 400 ರೂಪಾಯಿಯನ್ನು ಹಿಂದಿರುಗಿಸಿದರು. ಆಗ ನಮ್ಮ ತಾಯಿ ಒಂದು ಮಾತನ್ನೂ ಆಡದೆ ತಮ್ಮ ಕೈಯ ಪಾಟಲಿಗಳನ್ನು ಬಿಚ್ಚಿ ತಂದೆಯವರ ಮುಂದೆ ಇಟ್ಟರು. ಅವು ಶಹಾಪುರದ ಸರಾಫರೊಬ್ಬರಲ್ಲಿ ಒತ್ತೆಬಿದ್ದು 600 ರೂಪಾಯಿ ಬಂದಿತು. ಹೀಗೆ ಮೂರು ಸಾವಿರವೂ ಪೂರ್ತಿಯಾಯಿತು. ಆ ದೀಪಾವಳಿಯಲ್ಲಿ ತಾಯಿ ಹಸಿರು ಗಾಜಿನ ಬಳೆಗಳ ಕೈಯಿಂದಲೇ ಆರತಿ ಬೆಳಗಿದರು.

ನನ್ನ ಹತ್ತು ರೂಪಾಯಿಯ ಲೆಕ್ಕ ಉಳಿದಿತ್ತು. ಹಬ್ಬದ ಮಾರನೆಯ ದಿನ ಅಳುಕುತ್ತ ಸೈಕಲ್ ಅಂಗಡಿಗೆ ಹೋಗಿ, ಮನೆ ಮಾರಾಟವಾಗಲಿಲ್ಲವೆಂದು ಹೇಳಿದೆ. “ನಿನ್ನ ಸಲುವಾಗಿ ಇಬ್ಬರು ಗಿರಾಕಿಗಳನ್ನ ಹೊಳ್ಳಿ ಕಳಿಸೇನಿ” ಎಂದರು ಯಜಮಾನರು. ನಾನು ತಲೆತಗ್ಗಿಸಿ ನಿಂತೆ. ನನ್ನ ಆಸೆಯಿಂದ ಇನ್ನೊಬ್ಬರಿಗೆ ನಷ್ಟವಾಗಬಹುದೆಂಬುದು ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ. ಅವರು ಗಲ್ಲೆಯನ್ನು ತೆರೆದು ನೋಟನ್ನು ಹೊರತೆಗೆದು, “ನಿಮ್ಮ ಅಪ್ಪಾರು ಮೂರು ಸಾವಿರ ಹೊಳ್ಳಿ ಕೊಟ್ಟಾರಂತ. ನಾ ಈ ಹತ್ತು ರೂಪಾಯಿ ಇಟ್ಟುಕೊಂಡು ಏನ ಮಾಡಲಿ? ತೊಗೋ” ಎಂದರು. ಸಣ್ಣ ಊರಿನಲ್ಲಿ ಕೆಟ್ಟ ಸುದ್ದಿಯಂತೆ ಒಳ್ಳೆಯ ಸುದ್ದಿಗೂ ಕಾಲುಗಳಿರುತ್ತವೆ. ಆ ನೋಟನ್ನು ಒಯ್ದು ತಂದೆಯವರ ಮುಂದಿಟ್ಟು ಎಲ್ಲವನ್ನೂ ಒಪ್ಪಿಕೊಂಡೆ. ಅವರು ಬೈಯಲಿಲ್ಲ. “ಒಂದು ಸಂಚಕಾರಕ್ಕೆ ಎರಡು ತುದಿಗಳಿರುತ್ತವೆ. ಒಂದನ್ನು ಹಿಡಿಯುವಾಗ ಇನ್ನೊಂದು ಯಾರ ಕೈಯಲ್ಲಿದೆ ಎಂಬುದನ್ನು ನೋಡಬೇಕು” ಎಂದಷ್ಟೇ ಹೇಳಿದರು.

1981ರಲ್ಲಿ ಮನೆಯನ್ನು ಬೇರೊಂದು ಕುಟುಂಬದವರು ಕೊಂಡರು. ನೋಂದಣಿಯ ದಿನ ನಾನೂ ಕಚೇರಿಗೆ ಹೋಗಿದ್ದೆ. ತಂದೆಯವರು, ಕಾಕಾ, ಅತ್ತೆ ಮೂವರೂ ಸಹಿ ಮಾಡಿ ಎಡಗೈ ಹೆಬ್ಬೆರಳ ಗುರುತನ್ನೊತ್ತಿದರು. ಪತ್ರಕ್ಕೆ ಇಬ್ಬರು ಸಾಕ್ಷಿಗಳು ಬೇಕಾಗಿದ್ದರು. ಅವರಲ್ಲಿ ಒಬ್ಬರು ಆ ಭತ್ತದ ವ್ಯಾಪಾರಿ. ಅವರ ಜೊತೆಯಲ್ಲಿ ತೆಳ್ಳನೆಯ ಹುಡುಗನೊಬ್ಬ ಬಂದು ಬಾಗಿಲ ಬಳಿ ನಿಂತಿದ್ದ. ಯಾರೂ ಪರಿಚಯ ಮಾಡಿಕೊಡದಿದ್ದರೂ ಅವನು ಯಾರೆಂದು ನನಗೆ ತಿಳಿಯಿತು.

ಹಣ ಕೈಗೆ ಬಂದ ಸಂಜೆ ತಂದೆಯವರು ಪಂಚಾಂಗದಿಂದ ಆ ಹಳೆಯ ಯಾದಿಯನ್ನು ತೆಗೆದರು. ಯಾದಿಯಲ್ಲಿ ಇಲ್ಲದ ಒಂದು ಸಾಮಾನನ್ನು ಎಲ್ಲಕ್ಕಿಂತ ಮೇಲೆ ಬರೆದರು. ಮರುದಿನ ನಾವು ಬೆಳಗಾವಿಗೆ ಹೋಗಿ ಮೊದಲು ತಂದುದು ಅದನ್ನೇ: ಶಹಾಪುರದಲ್ಲಿ ಒತ್ತೆಯಿದ್ದ ತಾಯಿಯ ಪಾಟಲಿಗಳು. ನಿವೇಶನದ ಬೆಲೆಗಳು ಅಷ್ಟರಲ್ಲಿ ಏರಿದ್ದವು. ನಮಗೆ ಸಿಕ್ಕಿದ್ದು ಮೊದಲಿನದಕ್ಕಿಂತ ಚಿಕ್ಕದು, ಊರಿಗೆ ದೂರವಾದದ್ದು. ಹಸಿರು ಸೈಕಲ್ ಎಂದೋ ಮಾರಿಹೋಗಿತ್ತು; ನನಗೆ ಬಂದದ್ದು ಕಪ್ಪು ಬಣ್ಣದ್ದು. ಕಾಕಾ ಮತ್ತೊಂದು ಎಂಜಿನ್ನನ್ನು ಪೂರ್ತಿ ಹಣ ಕೊಟ್ಟು ತಂದರು.

ನಾಲ್ಕು ದಶಕಗಳ ಮೇಲೆ, 2023ರಲ್ಲಿ, ತಂದೆಯವರು ಆ ನಿವೇಶನದಲ್ಲಿ ಕಟ್ಟಿಸಿದ ಮನೆಯನ್ನು ನಾನು ಮಾರಬೇಕಾಗಿ ಬಂದಿತು. ಈಗ ನೋಂದಣಿಯ ಕೆಲಸ ‘ಕಾವೇರಿ’ ಎಂಬ ಗಣಕ ವ್ಯವಸ್ಥೆಯಲ್ಲಿ ನಡೆಯುತ್ತದೆ. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿಯೂ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕಿದೆ. ಆದರೆ ಮನುಷ್ಯನ ಆತುರಕ್ಕೆ ಯಾವ ತಿದ್ದುಪಡಿಯೂ ಬಂದಿಲ್ಲ. ನಮ್ಮ ಮನೆಯನ್ನು ಕೊಳ್ಳಲು ಬಂದ ತರುಣನಿಗೆ ಬ್ಯಾಂಕೊಂದು ಸಾಲ ಕೊಡಲು ಒಪ್ಪಿತ್ತು. ಹೊಸ ಮನೆಗೆ ಹೊಸ ಕಾರಿನಲ್ಲಿಯೇ ಹೋಗಬೇಕೆಂದು ಆತ ನಡುವೆ ಕಂತಿನ ಮೇಲೆ ಕಾರನ್ನು ಕೊಂಡ. ಒಬ್ಬನ ಸಂಬಳದಲ್ಲಿ ಎಷ್ಟು ಭಾಗ ಕಂತುಗಳಿಗೆ ಹೋಗುತ್ತದೆಂಬುದನ್ನು ಲೆಕ್ಕ ಹಾಕಿಯೇ ಬ್ಯಾಂಕು ಸಾಲದ ಮೊತ್ತವನ್ನು ನಿಶ್ಚಯಿಸುತ್ತದೆ. ಹೊಸ ಸಾಲ ಮಾಡಿದರೆ ಅದು ದಾಖಲೆಗಳಲ್ಲಿ ಕಾಣದೆ ಇರುವುದಿಲ್ಲ. ಬ್ಯಾಂಕು ಸಾಲವನ್ನು ಕಡಿಮೆ ಮಾಡಿತು. ಆತ ಉಳಿದುದನ್ನು ಹೊಂದಿಸುವಷ್ಟರಲ್ಲಿ ಎರಡು ತಿಂಗಳು ಕಳೆದವು. ಆ ಎರಡು ತಿಂಗಳಲ್ಲಿ ನನ್ನ ಮನೆಯವರೂ ಮೊಬೈಲಿನ ಪರದೆಯ ಮೇಲೆ ಒಂದು ಉದ್ದನೆಯ ಯಾದಿಯನ್ನು ಸಿದ್ಧಪಡಿಸಿ, ಗುಂಡಿಯೊತ್ತಲು ನನ್ನ ಒಪ್ಪಿಗೆಯನ್ನು ಕೇಳುತ್ತಿದ್ದರು. ನನ್ನ ಬಾಯಿಂದ ನನಗರಿವಿಲ್ಲದೆಯೇ ಹೊರಟ ಮಾತು: “ಕಾಗದ ಆಗಲಿ, ಆಮ್ಯಾಲೆ ನೋಡೋಣ.”

ಚಿಕ್ಕಂದಿನಲ್ಲಿ ಆ ಮಾತು ನನಗೆ ಜಿಪುಣತನದ ಮಾತಾಗಿ ಕೇಳಿಸಿತ್ತು. ಆಮೇಲೆ ಎಚ್ಚರಿಕೆಯ ಮಾತಾಗಿ ಕೇಳಿಸಿತು. ಈಗ ಅದರಲ್ಲಿ ಇನ್ನೊಂದು ಅರ್ಥವೂ ಇದೆ ಎನಿಸುತ್ತದೆ. ತಂದೆಯವರು ಆ ಹಣವನ್ನು ಮುಟ್ಟದೆ ಇಟ್ಟುದರಿಂದ ನಾವು ನಷ್ಟದಿಂದ ಪಾರಾದೆವು, ನಿಜ. ಆದರೆ ಅದಕ್ಕಿಂತ ದೊಡ್ಡ ಲಾಭವೆಂದರೆ, ಕಟ್ಟೆಯ ಮೇಲೆ ಬಂದು ಕುಳಿತ ಒಬ್ಬ ದುಃಖಿಗೆ “ನಿಲ್ಲಿರಿ” ಎನ್ನುವ ಶಕ್ತಿ ಅವರಲ್ಲಿ ಉಳಿದಿತ್ತು. ಕಾಕಾನ ಮನಸ್ಸು ಅಣ್ಣನ ಮನಸ್ಸಿನಷ್ಟೇ ಒಳ್ಳೆಯದು. ಅದು ತೋರಿಸಿಕೊಳ್ಳಲು ಮಾತ್ರ ಅವರ ಕೈ ಖಾಲಿಯಾಗಿತ್ತು.

ಆ ಕ್ಯಾಲೆಂಡರಿನ ಹಾಳೆ ಈಗಲೂ ನನ್ನಲ್ಲಿದೆ. ಮೇಲೆ ತಂದೆಯವರ ದುಂಡಗಿನ ಅಕ್ಷರಗಳಲ್ಲಿ ‘ಪಾಟಲಿ’ ಎಂದಿದೆ. ಕೆಳಗೆ ನನ್ನ ಸೊಟ್ಟ ಅಕ್ಷರಗಳಲ್ಲಿ ‘ಸೈಕಲ್’ ಎಂದಿದೆ.